ಮುನಿಸ್ವಾಮಿ ನಡೆದ ಗಡಿ

ಮೇಲಿನಗುಟ್ಟಹಳ್ಳಿಯಲ್ಲಿ ಯಾರ ಹೊಲ ಎಲ್ಲಿ ಮುಗಿಯುತ್ತದೆ, ಯಾರ ಬದು ಯಾರಿಗೂ ತಿಳಿಯದಂತೆ ಎಷ್ಟು ಗೇಣು ಸರಿದಿದೆ ಎಂದು ತಿಳಿಯಲು ಎರಡು ದಾರಿಗಳಿದ್ದವು. ಒಂದು, ಆವತಿಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು, ದೇವನಹಳ್ಳಿಯ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು, ಚಪ್ಪಲಿ ಸವೆಯುವವರೆಗೆ ಅಲೆಯುವುದು. ಇನ್ನೊಂದು, ಕಾಲೋನಿಯ ಕೊನೆಯ ಮನೆಯ ಮುಂದೆ ನಿಂತು ‘ಮುನಿಸ್ವಾಮಿ ಅವ್ನಾ?’ ಎಂದು ಕೂಗುವುದು. ಊರಿನವರು ಬುದ್ಧಿವಂತರು, ಎರಡನೆಯದನ್ನೇ ಮಾಡುತ್ತಿದ್ದರು.

ಮುನಿಸ್ವಾಮಿ ಕುಳವಾಡಿ ಮನೆತನದವನು. ಊರಿನ ಗಡಿ ಕಾಯುವುದು, ಗಡಿ ತೋರಿಸುವುದು, ಅಧಿಕಾರಿಗಳು ಬಂದರೆ ಅವರ ಮುಂದೆ ನಡೆಯುವುದು ಅವನ ತಾತ ಮುತ್ತಾತಂದಿರಿಂದ ಬಂದ ಕೆಲಸ. ಸರ್ಕಾರ ಆ ಹಳೆಯ ಹೆಸರು ತೆಗೆದು ‘ಗ್ರಾಮ ಸಹಾಯಕ’ ಎಂದು ಕರೆಯಿತು, ಒಂದು ಖಾಕಿ ಅಂಗಿ ಹೊಲಿಸಿಕೊಟ್ಟಿತು. ಹೆಸರು ಬದಲಾದರೂ ಕೆಲಸ ಬದಲಾಗಲಿಲ್ಲ. ಸರ್ವೆಯವರು ಬಂದರೆ ಸರಪಳಿ ಹಿಡಿಯಬೇಕು, ಸಾಹೇಬರು ಬಂದರೆ ಕುರ್ಚಿ ಹೊರಬೇಕು, ಊರಿಗೆ ಏನಾದರೂ ಸುದ್ದಿ ಮುಟ್ಟಿಸಬೇಕಾದರೆ ತಮಟೆ ಬಡಿಯಬೇಕು. ಅವನು ಈ ಮೂರನ್ನೂ ಮೂವತ್ತು ವರ್ಷ ಒಂದು ದಿನ ತಪ್ಪಿಸದೆ ಮಾಡಿದ. ಖಾಕಿ ಅಂಗಿಯ ಮೇಲಿನ ಗುಂಡಿಯನ್ನು ಬೇಸಿಗೆಯಲ್ಲೂ ಬಿಚ್ಚುತ್ತಿರಲಿಲ್ಲ. ಸರ್ಕಾರ ಅಂದರೆ ಅವನಿಗೆ ಅಷ್ಟು ಗೌರವ.

ಎಂಟು ವರ್ಷದವನಿದ್ದಾಗ ಅವನಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಇಡೀ ಊರಿನ ಗಡಿ ಸುತ್ತಿಸಿದ್ದ. ಒಂದೊಂದು ಬಾಂದುಕಲ್ಲಿನ ಮೇಲೂ ಇಳಿಸಿ, ಒಂದೊಂದು ಕಥೆ ಹೇಳಿದ್ದ. ಈ ಕಲ್ಲಿನ ಹತ್ತಿರ ನಿಮ್ಮಜ್ಜಿ ಹಾವು ಕಂಡು ಬುಟ್ಟಿ ಎಸೆದು ಓಡಿದ್ದು, ಇಲ್ಲಿ ಪಟೇಲರ ಎತ್ತು ಕಾಲು ಮುರಿದುಕೊಂಡದ್ದು, ಇಲ್ಲಿ ಇಬ್ಬರು ಅಣ್ಣತಮ್ಮಂದಿರು ಒಂದು ಹಲಸಿನ ಹಣ್ಣಿಗೆ ತಲೆ ಒಡೆದುಕೊಂಡದ್ದು. ಕಥೆ ನೆನಪಿದ್ದರೆ ಕಲ್ಲು ನೆನಪಿರುತ್ತದೆ ಎಂಬುದು ಅಪ್ಪನ ಲೆಕ್ಕ. ಅದು ಸರಿಯಾಗಿಯೇ ಇತ್ತು. ಕಲ್ಲುಗಳು ಹೂತುಹೋದವು, ಕೆಲವನ್ನು ಜನ ಕಿತ್ತು ಬಟ್ಟೆ ಒಗೆಯಲು ಹಾಕಿಕೊಂಡರು, ಮುನಿಸ್ವಾಮಿ ಮಾತ್ರ ಕಣ್ಣು ಮುಚ್ಚಿ ಹೋಗಿ ನಿಂತು ‘ಇಲ್ಲಿ ಅಗೀರಿ’ ಎನ್ನುತ್ತಿದ್ದ. ಅಗೆದರೆ ಕಲ್ಲು ಸಿಗುತ್ತಿತ್ತು, ಇಲ್ಲವೇ ಕಲ್ಲು ಕಿತ್ತ ಗುಂಡಿ ಸಿಗುತ್ತಿತ್ತು.

ಈ ಮನೆತನಕ್ಕೆ ಇನ್ನೊಂದು ಹೊರೆಯೂ ಇತ್ತು. ಗಡಿಯ ವ್ಯಾಜ್ಯ ಯಾವ ಬಗೆಯಲ್ಲೂ ತೀರದೆ ಹೋದರೆ ಕುಳವಾಡಿ ಮಣ್ಣು ಹೊರಬೇಕು. ಊರಿನ ಐದು ಕಡೆಯ ಮಣ್ಣು ತಂದು, ನೀರು ಹಾಕಿ ಕಲಸಿ, ತೆಂಗಿನಕಾಯಿಯಷ್ಟು ದೊಡ್ಡ ಉಂಡೆ ಕಟ್ಟುತ್ತಾರೆ. ಅವನು ಬಾವಿಯಲ್ಲಿ ಮುಳುಗೆದ್ದು, ಒದ್ದೆ ಪಂಚೆಯಲ್ಲಿ, ಬರಿಗಾಲಲ್ಲಿ ಆ ಉಂಡೆಯನ್ನು ತಲೆಯ ಮೇಲಿಟ್ಟುಕೊಂಡು ಗಡಿಯುದ್ದಕ್ಕೂ ನಡೆಯುತ್ತಾನೆ. ಅವನು ನಡೆದದ್ದೇ ಗಡಿ. ಒಂದು ಹೆಜ್ಜೆ ಬೇಕೆಂದೇ ಆಚೀಚೆ ಇಟ್ಟರೆ ಉಂಡೆ ಒಡೆಯುತ್ತದೆ, ಹೊತ್ತವನು ರಕ್ತ ಕಾರಿ ಮೂರು ತಿಂಗಳೊಳಗೆ ಸಾಯುತ್ತಾನೆ ಎಂದು ನಂಬಿಕೆ. ಅವನು ಅಂಗಳಕ್ಕೆ ಬಂದರೆ ಮೈಲಿಗೆಯೆಂದು ನೀರು ಚಿಮುಕಿಸಿಕೊಳ್ಳುತ್ತಿದ್ದ ಊರು ಅದು. ಗಡಿಯ ಸತ್ಯ ಹೊರುವುದಕ್ಕೆ ಮಾತ್ರ ಅವನ ತಲೆಯೇ ಆಗಬೇಕಿತ್ತು. ಈ ಮಾತು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಮುನಿಸ್ವಾಮಿಗೆ ಬರುತ್ತಿರಲಿಲ್ಲ, ಅವನು ಅದನ್ನು ಮರ್ಯಾದೆ ಎಂದುಕೊಂಡಿದ್ದ.

ಅವನ ಹೆಂಡತಿ ಕದಿರಮ್ಮ ಚಿಂತಾಮಣಿ ಕಡೆಯವಳು. ಮಾತಿನ ನಡುವೆ ತೆಲುಗು ನುಸುಳುತ್ತಿತ್ತು, ಕೋಪ ಬಂದರೆ ಪೂರ್ತಿ ತೆಲುಗೇ. ಬಂದ ವರ್ಷವೇ ಗಂಡನನ್ನು ಅಳೆದು ತೂಗಿ, ಇವನಿಗೆ ಊರಿನ ನೆಲವೆಲ್ಲ ಗೊತ್ತು, ಮನೆಯ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲ ಎಂದು ಬಾವಿಕಟ್ಟೆಯಲ್ಲಿ ಹೇಳಿ ನಗಿಸಿದ್ದಳು. ಅವಳಿಗೆ ಎರಡು ಹಸುಗಳಿದ್ದವು. ಅವನ್ನು ದಿನವೂ ಊರ ಪೂರ್ವದ ಗೋಮಾಳಕ್ಕೆ ಹೊಡೆದುಕೊಂಡು ಹೋಗುತ್ತಿದ್ದಳು.

ಗೋಮಾಳ ನಲವತ್ತಾರು ಎಕರೆ. ಪಹಣಿಯಲ್ಲಿ ‘ಸರ್ಕಾರಿ’ ಎಂದು ಬರೆದಿದ್ದರೂ ಅಲ್ಲಿ ಸರ್ಕಾರವನ್ನು ಕಂಡವರು ಯಾರೂ ಇರಲಿಲ್ಲ. ದೊಡ್ಡಬೀರಪ್ಪನ ನೂರಿಪ್ಪತ್ತು ಕುರಿ ಅಲ್ಲಿ ಮೇಯುತ್ತಿದ್ದವು. ಹೆಂಗಸರು ಪೊರಕೆಹುಲ್ಲು ಕೊಯ್ಯುತ್ತಿದ್ದರು, ಸೀತಾಫಲದ ಕಾಲದಲ್ಲಿ ಬುಟ್ಟಿ ತುಂಬಿಕೊಂಡು ದೇವನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೂರುತ್ತಿದ್ದರು. ಬೇಸಿಗೆಯಲ್ಲೂ ಬತ್ತದ ಒಂದು ಕುಂಟೆ ಇತ್ತು. ಆಗ್ನೇಯ ಮೂಲೆಯಲ್ಲಿ, ಆನೆಗುಂಡು ಎಂದು ಕರೆಯುವ ಬಂಡೆಗೂ ಒಂದು ಮುದಿ ಹುಣಸೆಮರಕ್ಕೂ ನಡುವೆ, ಕಾಲೋನಿಯವರು ತಮ್ಮ ಸತ್ತವರನ್ನು ಹೂಳುತ್ತಿದ್ದರು. ಎಷ್ಟು ತಲೆಮಾರಿನಿಂದ ಎಂದು ಯಾರಿಗೂ ಗೊತ್ತಿಲ್ಲ. ಯಾವ ಕಾಗದದಲ್ಲೂ ಅದು ಸ್ಮಶಾನ ಎಂದು ಇರಲಿಲ್ಲ.

ಮುನಿಸ್ವಾಮಿ ಮತ್ತು ಕದಿರಮ್ಮನ ಒಬ್ಬಳೇ ಮಗಳು ಚೈತ್ರ ಅಲ್ಲಿದ್ದಳು. ಐದನೇ ವರ್ಷದಲ್ಲಿ ಜ್ವರ ಬಂದು, ಮೂರನೇ ದಿನ ದೇವನಹಳ್ಳಿಯ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ, ಅವ್ವನ ತೊಡೆಯ ಮೇಲೆ ಹೋಗಿಬಿಟ್ಟಳು. ಅದಾಗಿ ಇಪ್ಪತ್ತೆರಡು ವರ್ಷ. ಬೇರೆ ಮಕ್ಕಳಾಗಲಿಲ್ಲ. ಆನೆಗುಂಡಿನಿಂದ ಹುಣಸೆಮರದ ಕಡೆಗೆ ಮೂವತ್ತೊಂದು ಹೆಜ್ಜೆ, ಒಂದು ತಂಗಡಿ ಗಿಡದ ಬುಡ. ಕದಿರಮ್ಮ ಹಸುಗಳನ್ನು ಬಿಟ್ಟು ಅಲ್ಲೇ ಕೂರುತ್ತಿದ್ದಳು. ಸುಮ್ಮನೆ ಕೂರುತ್ತಿರಲಿಲ್ಲ, ಮಾತಾಡುತ್ತಿದ್ದಳು. ಇವತ್ತು ಕೆಂದ ಹಸು ಹಾಲು ಕಡಿಮೆ ಕೊಡ್ತು, ನಿಮ್ಮಪ್ಪ ಸಾಹೇಬ್ರ ಹಿಂದೆ ಹೋಗಿ ಊಟಕ್ಕೂ ಬಂದಿಲ್ಲ, ಹೀಗೆ. ಮಹಾಲಯ ಅಮಾವಾಸ್ಯೆಗೆ ಮಾತ್ರ ಇಬ್ಬರೂ ಹೋಗಿ ಹಾಲೆರೆದು, ಪುರಿ ಚೆಲ್ಲಿ, ಒಂದು ಬನ್ನು ಇಟ್ಟು ಬರುತ್ತಿದ್ದರು. ಬೇಕರಿಯ ಬನ್ನೆಂದರೆ ಚೈತ್ರಳಿಗೆ ಪ್ರಾಣ.

ಅದೆಲ್ಲ ಹಾಗೇ ನಡೆದುಕೊಂಡು ಹೋಗುತ್ತಿತ್ತೇನೋ, ನಡುವೆ ಮೂರ್ತಿ ಬಂದ. ಮೂರ್ತಿಗೆ ನೆಲಮಂಗಲದ ಹೆದ್ದಾರಿಯಲ್ಲಿ ಗೋದಾಮುಗಳಿದ್ದವು. ಗೋಮಾಳದ ಪಕ್ಕದ ಮೂರು ಎಕರೆ ಕೊಂಡು, ಮೊದಲ ವರ್ಷ ಮೂರು ಎಕರೆಗೆ ಬೇಲಿ ಹಾಕಿದ. ಎರಡನೇ ವರ್ಷ ಬೇಲಿ ಏಳು ಎಕರೆಯಾಯಿತು, ನಾಲ್ಕನೇ ವರ್ಷ ಹನ್ನೊಂದು. ಕಲ್ಲುಕಂಬಗಳು ಕುಂಟೆಯನ್ನು ನುಂಗಿ ಆಗ್ನೇಯ ಮೂಲೆಯ ಕಡೆ ಮುಖ ಮಾಡಿದಾಗ ದೊಡ್ಡಬೀರಪ್ಪ ಎದ್ದ. ಊರಿನವರಿಂದೆಲ್ಲ ಸಹಿ, ಹೆಬ್ಬೆಟ್ಟು ಹಾಕಿಸಿ ಒತ್ತುವರಿ ತೆರವಿಗೆ ಅರ್ಜಿ ಕೊಟ್ಟ. ಅರ್ಜಿ ಎರಡು ವರ್ಷ ನಿದ್ದೆ ಮಾಡಿ, ಒಂದು ದಿನ ಎದ್ದು, ಗ್ರಾಮ ಆಡಳಿತಾಧಿಕಾರಿ ಅಕ್ಷತ ಮೇಡಂ ಮತ್ತು ಒಬ್ಬ ಹುಡುಗುಪ್ರಾಯದ ಸರ್ವೆಯರನ್ನು ಕರೆದುಕೊಂಡು ಊರಿಗೆ ಬಂತು.

ಸರ್ವೆಯರ್ ಯಂತ್ರ ನಿಲ್ಲಿಸಿದ. ಮೂರು ದಿಕ್ಕಿನ ಕಲ್ಲುಗಳನ್ನು ಮುನಿಸ್ವಾಮಿ ತೋರಿಸಿದ, ಅಗೆದಾಗ ಸಿಕ್ಕವು. ಆಗ್ನೇಯ ಮೂಲೆಯದು ಮಾತ್ರ ಸಿಗಲಿಲ್ಲ. ಅಲ್ಲಿ ಹಿಂದೊಮ್ಮೆ ಯಾರೋ ಕಲ್ಲು ಸಿಡಿಸಿದ್ದರು, ಗುಂಡಿಯ ಗುರುತೂ ಇರಲಿಲ್ಲ. ಹಳೆಯ ನಕ್ಷೆ ತೆಗೆದು ನೋಡಿದರೆ ಸರಿಯಾಗಿ ಆ ಮೂಲೆಯನ್ನೇ ಗೆದ್ದಲು ತಿಂದಿತ್ತು. ಮೂರ್ತಿಯ ಕಡೆಯವರು ಒಂದು ಗೆರೆ ಹೇಳಿದರು, ಊರಿನವರು ಇನ್ನೊಂದು. ಕೈ ಕೈ ಮಿಲಾಯಿಸುವ ಹಂತಕ್ಕೆ ಬಂತು.

ಆಗ ದೊಡ್ಡಬೀರಪ್ಪ ಹೇಳಿದ: “ಮೇಡಂ, ನಮ್ಮಲ್ಲಿ ಒಂದು ಪದ್ಧತಿ ಐತೆ. ಕುಳವಾಡಿ ಮಣ್ಣು ಹೊರ್ಲಿ. ಅವ್ನು ನಡೆದಿದ್ದೇ ಗಡಿ, ಎರಡು ಕಡೆಯೋರೂ ಒಪ್ಕಂತೀವಿ ಅಂತ ಬರ್ಕೊಡ್ತೀವಿ.”

ಮೂರ್ತಿಯೂ ಒಪ್ಪಿದ. ಖಾಕಿ ಅಂಗಿಯ ಬಡವನನ್ನು ಬಗ್ಗಿಸುವುದು ಯಾವ ಮಹಾ ಕೆಲಸ ಎಂದುಕೊಂಡನೋ ಏನೋ. ಅಕ್ಷತ ಮೇಡಂಗೆ ಎರಡೂ ಕಡೆಯ ಸಹಿ ಸಿಕ್ಕರೆ ಸಾಕಾಗಿತ್ತು. ಮಾರನೆಯ ದಿನಕ್ಕೆ ನಿಗದಿಯಾಯಿತು.

ಮಾರನೆಯ ಬೆಳಿಗ್ಗೆ ಕದಿರಮ್ಮ ಬಾವಿಗೆ ಹೊರಟಿದ್ದ ಗಂಡನನ್ನು ಬಾಗಿಲಲ್ಲೇ ತಡೆದಳು. ರಾತ್ರಿಯೆಲ್ಲ ಯೋಚಿಸಿಟ್ಟುಕೊಂಡಿದ್ದಳು. ಗೋಮಾಳದ ಪಕ್ಕಕ್ಕೆ, ಆ ಮೂಲೆಗೆ ತಾಗಿಕೊಂಡಂತೆ, ಊರಿನ ಗ್ರಾಮಠಾಣೆಯ ಜಾಗ ಇತ್ತು. ಗ್ರಾಮಠಾಣೆ ಎಂದರೆ ಊರಿನ ವಾಸದ ನೆಲ, ಅದನ್ನು ಯಾರೂ ಮುಟ್ಟುವುದಿಲ್ಲ.

“ಯೋವ್, ಆನೆಗುಂಡಿನ ತಾವ ನಲವತ್ತು ಹೆಜ್ಜೆ ಈಚೆಗೆ ನಡಿ,” ಎಂದಳು. “ನಮ್ಮೋರು ಮಲಗಿರೋ ಜಾಗ ಗ್ರಾಮಠಾಣೆಗೆ ಬಂದ್ಬಿಡ್ತದೆ. ಮೂರ್ತಿಗೂ ಸಿಗಲ್ಲ, ಯಾರ್ಗೂ ಸಿಗಲ್ಲ. ಯಾರ್ಗೂ ನಷ್ಟ ಇಲ್ಲ.”

“ಮಣ್ಣು ಹೊತ್ಕಂಡು ಸುಳ್ಳು ನಡಿ ಅಂತೀಯಾ?”

“ನಲವತ್ತೇ ಹೆಜ್ಜೆ.”

“ನಾಕು ಹೆಜ್ಜೆ ಆದ್ರೂ ಸುಳ್ಳು ಸುಳ್ಳೇ ಕಣೇ. ಉಂಡೆ ಒಡೆದ್ರೆ ನಾನು ರಕ್ತ ಕಾರ್ಕೊಂಡು ಸಾಯ್ತೀನಿ.”

“ನಿಮ್ಮಪ್ಪ ಹೇಳಿದ್ದು ಬಿಡು. ನಾನು ಉಂಡೇನ ಗಟ್ಟಿಯಾಗಿ ಕಟ್ಟಿ ಅಂತ ಬೀರಣ್ಣಂಗೆ ಹೇಳ್ತೀನಿ,” ಎಂದು ಅವಳು ಅಷ್ಟರಲ್ಲೂ ನಗಲು ನೋಡಿದಳು. ಆಮೇಲೆ ನಗು ನಿಂತಿತು. “ನಂಗೆ ಹೊಲ ಬ್ಯಾಡ, ಮನೆ ಬ್ಯಾಡ. ಮಗಿ ತಾವ ಹೋಗಿ ಕೂತ್ಕಳೋದು ತಪ್ಪಬಾರ್ದು. ಅಷ್ಟೇ.”

ಮುನಿಸ್ವಾಮಿ ಅವಳ ಹೆಗಲ ಮೇಲೆ ಕೈಯಿಟ್ಟ. ಅವನು ಹೆಂಡತಿಯ ಹೆಗಲ ಮೇಲೆ ಹಾಗೆ ಹಗಲು ಹೊತ್ತಿನಲ್ಲಿ ಕೈಯಿಟ್ಟವನಲ್ಲ. “ಯಾಕೆ ತಪ್ತದೆ? ಗಡಿ ಸರಿಯಾಗಿ ನಡೆದ್ರೆ ಆ ಜಾಗ ಸರ್ಕಾರದ್ದಾಗೇ ಉಳೀತದೆ. ಮೂರ್ತಿ ಕೊಂಡ್ಕಳೋಕಾಗಲ್ಲ, ಊರಿನ ಪುಡಾರಿ ಮಾರ್ಕಳೋಕಾಗಲ್ಲ. ಸರ್ಕಾರದ್ದು ಅಂದ್ರೆ ಯಾರದ್ದೂ ಅಲ್ಲ, ಅದಕ್ಕೇ ಎಲ್ಲಾರದ್ದು. ನಮ್ಮ ಕೂಸು ಅಲ್ಲಿರೋಷ್ಟು ಭದ್ರವಾಗಿ ಎಲ್ಲೂ ಇರಲ್ಲ.”

ಅವನು ಅದನ್ನು ನಿಜವಾಗಿಯೂ ನಂಬಿದ್ದ. ಮೂವತ್ತು ವರ್ಷ ಆ ಖಾಕಿ ತೊಟ್ಟು, ಸರ್ಕಾರದ ಹಿಂದೆ ಮುಂದೆ ನಡೆದ ಮನುಷ್ಯ ಇನ್ನೇನು ನಂಬಿಯಾನು?

ಊರೆಲ್ಲ ಸೇರಿತ್ತು. ದೊಡ್ಡಬೀರಪ್ಪನೇ ಉಂಡೆ ಕಟ್ಟಿ ಮುನಿಸ್ವಾಮಿಯ ತಲೆಯ ಮೇಲಿಟ್ಟ. ಮಣ್ಣಿನ ನೀರು ಕಿವಿಯ ಹಿಂದಿನಿಂದ ಇಳಿದು ಎದೆಗೆ ಬಂತು. ಮಣ್ಣು ಹೊತ್ತವನನ್ನು ಯಾರೂ ಮಾತಾಡಿಸಬಾರದು, ಅವನೂ ಯಾರನ್ನೂ ನೋಡಬಾರದು. ಅವನು ನೆಲ ನೋಡುತ್ತಾ ನಡೆದ. ಸರ್ವೆಯರ್ ಮೊದಮೊದಲು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾ ನಗುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ನಗು ನಿಲ್ಲಿಸಿ ಚಪ್ಪಲಿ ಬಿಟ್ಟು ಹಿಂದೆ ನಡೆದ. ಮೂರ್ತಿಯ ಬೇಲಿ ಬಂತು, ಮುನಿಸ್ವಾಮಿ ಅದರ ಆಚೆಗೆ ಹೋಗಬೇಕಿತ್ತು. ಜನ ತಂತಿ ಎತ್ತಿ ಹಿಡಿದರು, ಅವನು ತಲೆ ಬಗ್ಗಿಸದೆ ನುಸುಳಿದ. ಆನೆಗುಂಡಿನ ಹತ್ತಿರ ಬಂದಾಗ ಅವನ ನಡಿಗೆ ನಿಧಾನವಾಯಿತು. ಕದಿರಮ್ಮ ತಂಗಡಿ ಗಿಡದ ಪಕ್ಕದಲ್ಲಿ ನಿಂತಿದ್ದಳು. ಅವಳ ಪಾದಗಳು ಅವನಿಗೆ ಕಂಡವು. ಅವಳು ನಿಂತ ಕಡೆಯಿಂದ ನಲವತ್ತು ಹೆಜ್ಜೆ ಆಚೆಗೆ, ತನಗೆ ಅಪ್ಪ ತೋರಿಸಿದ್ದ ಜಾಗದಲ್ಲೇ, ತಮ್ಮ ಸತ್ತವರನ್ನೆಲ್ಲ ಗೋಮಾಳದ ಒಳಗೆ ಬಿಟ್ಟು ಅವನು ತಿರುಗಿದ. ಉಂಡೆ ಒಡೆಯಲಿಲ್ಲ.

ಮೂರ್ತಿಯ ಎಂಟು ಎಕರೆ ಹೋಯಿತು. ಹದಿನೈದು ದಿನದಲ್ಲಿ ಜೆಸಿಬಿ ಬಂದು ಕಲ್ಲುಕಂಬ ಕಿತ್ತುಹಾಕಿತು. ಗೋಮಾಳದ ನಡುವೆ ಹಸಿರು ಬಣ್ಣದ ಒಂದು ಫಲಕ ಎದ್ದಿತು: ‘ಈ ಜಮೀನು ಸರ್ಕಾರಕ್ಕೆ ಸೇರಿದ್ದು. ಅತಿಕ್ರಮಿಸಿದವರ ಮೇಲೆ ಕಾನೂನು ಕ್ರಮ ಜರುಗಿಸಲಾಗುವುದು.’ ಊರಿಗೆ ಎಷ್ಟು ಸಂತೋಷವೆಂದರೆ, ದೊಡ್ಡಬೀರಪ್ಪ ಆ ಫಲಕದ ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದ. ತಲೆಯ ಮೇಲೆ ತಾವೇ ಚಪ್ಪಡಿ ಕಲ್ಲು ಎಳೆದುಕೊಂಡಿದ್ದೇವೆ ಎಂದು ಅವತ್ತು ಯಾರಿಗೂ ಹೊಳೆಯಲಿಲ್ಲ. ಮುನಿಸ್ವಾಮಿಗಂತೂ ಪಟೇಲರ ಮನೆಯ ಜಗುಲಿಯ ಮೇಲೆ ಕೂರಿಸಿ ಊಟ ಹಾಕಿದರು. ಅವನ ಐವತ್ತು ವರ್ಷದ ಬಾಳಿನಲ್ಲಿ ಅದು ಮೊದಲ ಸಲ.

ಎರಡು ವರ್ಷ ಸುಮ್ಮನಿತ್ತು. ಮೂರನೇ ವರ್ಷ ಊರಿನ ದನ ಎಣಿಸಲು ಯಾರೋ ಬಂದರು. ಅವರು ಎಣಿಸಿದ ದಿನ ದೊಡ್ಡಬೀರಪ್ಪ ಕುರಿ ಹೊಡೆದುಕೊಂಡು ಗೌರಿಬಿದನೂರು ಕಡೆ ಹೋಗಿದ್ದ. ಊರಲ್ಲಿ ದನ ಕಡಿಮೆ, ಇಷ್ಟು ದೊಡ್ಡ ಗೋಮಾಳ ಬೇಕಿಲ್ಲ, ಹೆಚ್ಚುವರಿ ಎಂದು ವರದಿಯಾಯಿತು. ವ್ಯಾಜ್ಯವಿಲ್ಲದ, ಒತ್ತುವರಿಯಿಲ್ಲದ, ನಾಲ್ಕೂ ಮೂಲೆ ಖಚಿತವಾದ ಸರ್ಕಾರಿ ಜಮೀನು ಬೆಂಗಳೂರಿನ ಸುತ್ತಮುತ್ತ ಎಲ್ಲಿ ಸಿಗುತ್ತದೆ? ಯಾವುದೋ ದೊಡ್ಡ ಸಂಸ್ಥೆಗೆ ಕ್ಯಾಂಪಸ್ ಕಟ್ಟಲು ಅದನ್ನು ಮಂಜೂರು ಮಾಡಿದರು. ನಲವತ್ತಾರು ಎಕರೆಯೂ, ಕುಂಟೆಯೂ, ಆನೆಗುಂಡೂ, ಆ ಮೂಲೆಯೂ ಎಲ್ಲ ಸೇರಿಯೇ.

ಮುನಿಸ್ವಾಮಿ ಕಾಲೋನಿಯ ನಾಲ್ಕು ಜನರನ್ನು ಕರೆದುಕೊಂಡು ತಾಲ್ಲೂಕು ಕಚೇರಿಗೆ ಹೋದ. ಅಷ್ಟು ವರ್ಷ ಆ ಕಚೇರಿಗೆ ಬೇರೆಯವರ ಕಾಗದ ಹೊತ್ತವನು ಮೊದಲ ಸಲ ತನ್ನದೊಂದು ಅರ್ಜಿ ಹಿಡಿದು ನಿಂತಿದ್ದ. ಅಕ್ಷತ ಮೇಡಂ ಕೆಟ್ಟವಳಲ್ಲ. ಅವನನ್ನು ಕೂರಿಸಿ, ಕಡತ ತೆಗೆದು, ಹಾಳೆ ಹಾಳೆ ತಿರುವಿ ತೋರಿಸಿದಳು.

“ದಾಖಲೆಯಲ್ಲಿ ಎಲ್ಲೂ ಸ್ಮಶಾನ ಅಂತ ಇಲ್ಲ ಮುನಿಸ್ವಾಮಿ. ಸರ್ಕಾರಿ ಗೋಮಾಳ ಅಂತಷ್ಟೇ ಇದೆ.”

“ನಮ್ಮ ತಾತಂದಿರು ಅಲ್ಲವ್ರೆ ಮೇಡಂ. ನನ್ನ ಮಗಳು ಅವ್ಳೆ.”

“ನಂಗೆ ಗೊತ್ತು. ಆದ್ರೆ ಗಡಿ ನೀವೇ ತೋರಿಸಿದ್ದು. ಇಲ್ಲಿ ನೋಡಿ, ನಿಮ್ಮ ಸಹಿ. ಆ ಮೂಲೆ ಗ್ರಾಮಠಾಣೆಗೆ ಸೇರಿದ್ದು ಅಂತ ಒಂದು ಮಾತು ಅವತ್ತು ಹೇಳಿದ್ರೆ, ನಾನೇ ಬಿಡಿಸಿ ಬರೀತಿದ್ದೆ.”

ಮುನಿಸ್ವಾಮಿ ತನ್ನ ಸಹಿಯನ್ನು ನೋಡಿದ. ಒಂದೊಂದೇ ಅಕ್ಷರ ಬಿಡಿಸಿ, ಕೊನೆಯ ‘ಮಿ’ಯ ಕೆಳಗೆ ಗೆರೆ ಎಳೆದು ಚೆಂದವಾಗಿ ಹಾಕಿದ್ದ. ಮೇಡಂ ಒಂದು ಲೋಟ ನೀರು ತರಿಸಿಕೊಟ್ಟಳು.

ಸ್ಮಶಾನಕ್ಕೆಂದು ಬೇರೆ ಜಾಗ ಕೊಟ್ಟರು. ಊರಿನಿಂದ ಏಳು ಕಿಲೋಮೀಟರು ದೂರ, ಕಲ್ಲುಕ್ವಾರಿಯ ಹಿಂದೆ. ಇನ್ನು ಮುಂದೆ ಸಾಯುವವರಿಗೆ ಜಾಗ ಸಿಕ್ಕಿತು, ಆದರೆ ಈಗಾಗಲೇ ಸತ್ತಿದ್ದವರಿಗೆ ಸಿಗಲಿಲ್ಲ. ಅದಕ್ಕಿಂತ ದೊಡ್ಡ ಸಂಕಟ ಮುಂದೆ ಕಾದಿತ್ತು. ಒಂದು ಬೆಳಿಗ್ಗೆ ಕಚೇರಿಯಿಂದ ಅಪ್ಪಣೆ ಬಂತು: ನಾಳೆಯಿಂದ ಗೋಮಾಳಕ್ಕೆ ಜನವಾಗಲಿ ಜಾನುವಾರಾಗಲಿ ಹೋಗಕೂಡದು, ಊರಿಗೆಲ್ಲ ಸಾರಬೇಕು. ಸಾರುವವನು ಯಾರು? ಅವನೇ. ಅವನು ಖಾಕಿ ಹಾಕಿಕೊಂಡು, ತಮಟೆ ಕಾಯಿಸಿಕೊಂಡು ಹೊರಟ. ಬೀದಿ ಬೀದಿಯಲ್ಲಿ ನಿಂತು ಸಾರಿದ. ತನ್ನ ಮನೆಯ ಮುಂದೆ ಬಂದಾಗ ಕದಿರಮ್ಮ ಹಸುಗಳ ಹಗ್ಗ ಹಿಡಿದು ಅಂಗಳದಲ್ಲೇ ನಿಂತಿದ್ದಳು. ಅಲ್ಲಿಯೂ ಸಾರಬೇಕಲ್ಲ, ಸಾರಿದ. ಅವಳು ಏನೂ ಅನ್ನದೆ ಹಸುಗಳನ್ನು ಮತ್ತೆ ಗೂಟಕ್ಕೆ ಕಟ್ಟಿ ಒಳಗೆ ಹೋದಳು.

ದೊಡ್ಡಬೀರಪ್ಪ ಮಾತ್ರ ಅನ್ನದೆ ಬಿಡಲಿಲ್ಲ. “ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲೋ ಮುನಿಯ. ಮೂರ್ತಿ ಕಳ್ಳನಾದ್ರೂ ಒಳಗೆ ಬಿಟ್ಕೊಳ್ತಿದ್ದ. ಆ ಮಣ್ಣು ನಿನ್ನ ತಲೆ ಮೇಲೆ ಯಾಕಾದ್ರೂ ಮಡಗಿದ್ನೋ ನಾನು,” ಎಂದ. ಆರು ತಿಂಗಳಲ್ಲಿ ಅವನ ಕುರಿಗಳೆಲ್ಲ ಮಾರಾಟವಾದವು. ಕದಿರಮ್ಮನ ಹಸುಗಳನ್ನು ದೇವನಹಳ್ಳಿಯ ದನದ ವ್ಯಾಪಾರಿ ವಜೀರ್ ಸಾಬರು ಕೊಂಡರು. ಮನೆ ಮುಂದಿನ ಗೂಟಗಳು ಮಾತ್ರ ಉಳಿದವು. ಅವನ್ನು ಕೀಳಲು ಕದಿರಮ್ಮ ಬಿಡಲಿಲ್ಲ.

ಆ ಸಂಕಟದಲ್ಲಿ ಮುನಿಸ್ವಾಮಿಗೆ ತೀರ ನೋವು ಕೊಟ್ಟದ್ದು ಹೆಂಡತಿಯ ಮೌನ. ‘ನಲವತ್ತು ಹೆಜ್ಜೆ’ ಎಂದು ಒಂದೇ ಒಂದು ಸಲ ಅವಳು ಆಡಿ ತೋರಿಸಲಿಲ್ಲ. ಬೈಯಲಿಲ್ಲ, ತೆಲುಗಿನಲ್ಲೂ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಬೆಳಿಗ್ಗೆ ಎದ್ದು, ಗೋಮಾಳದ ಸುತ್ತ ಹೊಸದಾಗಿ ಎದ್ದ ಕಾಂಪೌಂಡಿನ ಹೊರಗೆ ಹೋಗಿ, ಎರಡಾಳೆತ್ತರದ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಮೊದಲ ಮಹಾಲಯಕ್ಕೆ ಹಾಲನ್ನು ಆ ಗೋಡೆಯ ಬುಡಕ್ಕೇ ಎರೆದಳು. ಎರಡನೇ ವರ್ಷವೂ ಹಾಗೇ ಮಾಡಿದಳು. ಗೋಡೆಯ ಆಚೆ ಯಂತ್ರಗಳ ಸದ್ದಿನಲ್ಲಿ ಅವಳ ಮಾತು ಅವಳಿಗೇ ಕೇಳಿಸುತ್ತಿರಲಿಲ್ಲ.

ಮೂರನೇ ವರ್ಷಕ್ಕೆ ಅವಳಿಗೆ ಕಾಲು ಬಾತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಹೃದಯ ದುರ್ಬಲವಾಗಿದೆ, ಜೋಪಾನ ಎಂದು ಡಾಕ್ಟರು ಹೇಳಿದರು. ಅಮಾವಾಸ್ಯೆಗೆ ಎರಡು ದಿನ ಇರುವಾಗ ಅವಳು ಗಂಡನಿಗೆ ಹೇಳಿದಳು:

“ಒಂದ್ಸಲ ಒಳಗೆ ಕರ್ಕೊಂಡ್ ಹೋಗು. ಆಮೇಲೆ ಕೇಳಲ್ಲ.”

ಅಷ್ಟು ದಿನದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಮುನಿಸ್ವಾಮಿ ಕ್ಯಾಂಪಸ್ಸಿನ ಗೇಟಿಗೆ ಹೋದ. ಸೆಕ್ಯೂರಿಟಿಯವನು ಸಮೀರ್, ದೇವನಹಳ್ಳಿ ಪೇಟೆಯ ಹುಡುಗ, ಹೊಸದಾಗಿ ಮದುವೆಯಾದವನು. ಮೊದಲು ಆಗಲ್ಲ ಎಂದ. ಕ್ಯಾಮರಾ ಇದೆ, ಸೂಪರ್‌ವೈಸರ್ ಬೈತಾರೆ ಎಂದ. ಮುನಿಸ್ವಾಮಿ ಇಡೀ ಕಥೆ ಹೇಳಿ ಮುಗಿಸಿದ ಮೇಲೆ ಸುತ್ತ ಒಮ್ಮೆ ನೋಡಿ, “ಅಮಾವಾಸ್ಯೆ ದಿನ ರಜಾ ತಾತ, ಜನ ಕಮ್ಮಿ. ಅಜ್ಜೀನ ಕರ್ಕೊಂಡ್ ಬನ್ನಿ. ಹಿಂದಿನ ಗೇಟ್ ತೆಗೀತೀನಿ. ಅರ್ಧ ಗಂಟೆ ಅಷ್ಟೇ ನೋಡಿ ಮತ್ತೆ,” ಎಂದ.

ಅಮಾವಾಸ್ಯೆಯ ದಿನ ಅವಳು ಗಂಟಿನಿಂದ ಸೀರೆ ತೆಗೆದು ಉಟ್ಟಳು. ಚೊಂಬಿನಲ್ಲಿ ಹಾಲು, ಸೆರಗಿನಲ್ಲಿ ಪುರಿ, ಆವತಿಯ ಬೇಕರಿಯಿಂದ ತಂದ ಒಂದು ಬನ್ನು. ಹಿಂದಿನ ಗೇಟಿನವರೆಗೆ ಆಟೋದಲ್ಲಿ ಬಂದರು. ಒಳಗೆ ಕಾಲಿಟ್ಟರೆ ಬೇರೆಯೇ ಊರು. ಗಾಜಿನ ಕಟ್ಟಡಗಳು, ಸಿಮೆಂಟಿನ ಇಟ್ಟಿಗೆ ಹಾಸಿದ ದಾರಿ, ಕತ್ತರಿಸಿ ಸಮ ಮಾಡಿದ ಹುಲ್ಲು. ಆನೆಗುಂಡು ಇಲ್ಲ, ಹುಣಸೆಮರ ಇಲ್ಲ, ಕುಂಟೆ ಇಲ್ಲ. ಕದಿರಮ್ಮ ಗೋಡೆ ಹಿಡಿದುಕೊಂಡು ಉಸಿರು ಎಳೆದುಕೊಳ್ಳುತ್ತಾ ನಿಂತಳು. ಮುನಿಸ್ವಾಮಿ ಮುಂದೆ ನಡೆದ, ಸಮೀರ್ ಪಕ್ಕದಲ್ಲಿ ಬಂದ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ದಿಕ್ಕೇ ತಿಳಿಯುತ್ತಿರಲಿಲ್ಲ. ಮುನಿಸ್ವಾಮಿಗೆ ತಿಳಿಯಿತು. ಗೋಡೆಯ ಮೂಲೆ ತಾನೇ ತೋರಿಸಿದ್ದ ಮೂಲೆ. ಅಲ್ಲಿಂದ ಒಳಗೆ ಎಷ್ಟು ಹೆಜ್ಜೆ, ಎಡಕ್ಕೆ ಎಷ್ಟು ಎಂದು ಅವನ ಕಾಲಿಗೇ ಗೊತ್ತಿತ್ತು. ಮನಸ್ಸಿನಲ್ಲೇ ಎಣಿಸುತ್ತಾ ಹೋಗಿ ಸರಿಯಾದ ಜಾಗಕ್ಕೆ ಬಂದು ನಿಂತ. ಕಾಲ ಕೆಳಗೆ ಒಂದು ದೊಡ್ಡ ಕಬ್ಬಿಣದ ಮುಚ್ಚಳ ಇತ್ತು, ಸುತ್ತ ಸಿಮೆಂಟು. ಒಳಗಿನಿಂದ ನೀರು ಗುಳುಗುಳು ಎನ್ನುವ ಸದ್ದು ಬರುತ್ತಿತ್ತು.

“ಇದೇನಪ್ಪಾ ಇದು?” ಎಂದು ಕೇಳಿದ.

“ಸಂಪು ತಾತ. ಇಡೀ ಕ್ಯಾಂಪಸ್ಸಿಗೆ ಇಲ್ಲಿಂದಾನೇ ನೀರು. ಇಪ್ಪತ್ತೈದಡಿ ಆಳ ತೋಡಿದ್ರು. ಈ ಮೂಲೆ ಪೂರ್ತಿ ತೋಡಿದ್ರು.”

“ತೋಡಿದ ಮಣ್ಣು?”

ಈ ಪ್ರಶ್ನೆ ಯಾಕೆ ಎಂದು ಸಮೀರ್‌ಗೆ ಆಗ ಅರ್ಥವಾಯಿತು. ಮೆಲ್ಲಗೆ ಹೇಳಿದ: “ಟಿಪ್ಪರಲ್ಲಿ ಹೋಯ್ತು ತಾತ. ರಸ್ತೆಗೆ ತುಂಬೋಕೆ ತಗೊಂಡ್ ಹೋದ್ರು. ಯಾವ ರಸ್ತೆ ಅಂತ ನಂಗೊತ್ತಿಲ್ಲ.”

ಮುನಿಸ್ವಾಮಿ ಆ ಮುಚ್ಚಳದ ಮೇಲೆ ಹಾಗೇ ನಿಂತ. ಅಪ್ಪ ಇಲ್ಲ, ತಾತ ಇಲ್ಲ, ಕೂಸಿನ ಒಂದು ಹಿಡಿ ಮಣ್ಣೂ ಇಲ್ಲ. ನೆಲದ ಮೇಲೆ ಏನು ಕಳೆದುಹೋದರೂ ಹುಡುಕಿಕೊಡುತ್ತಿದ್ದ ಮನುಷ್ಯನಿಗೆ ಇನ್ನು ಹುಡುಕಲು ನೆಲವೇ ಇರಲಿಲ್ಲ. ಹಿಂದಿನಿಂದ ಕದಿರಮ್ಮನ ಏದುಸಿರು ಕೇಳಿಸಿತು. ಅವಳು ನಿಧಾನವಾಗಿ ಹತ್ತಿರ ಬಂದಿದ್ದಳು. ಸಮೀರ್ ಹೇಳಿದ್ದು ಅವಳಿಗೆ ಕೇಳಿಸಿರಲಿಲ್ಲ.

“ಎಲ್ಲಿ?” ಎಂದಳು.

ಮುನಿಸ್ವಾಮಿ ಮುಚ್ಚಳದಿಂದ ಕೆಳಗಿಳಿದ. ನೆಲ ನೋಡುತ್ತಾ, ಎಣಿಸುವವನ ಹಾಗೆ ತುಟಿ ಅಲ್ಲಾಡಿಸುತ್ತಾ, ನೇರವಾಗಿ ನಡೆಯತೊಡಗಿದ. ಇಪ್ಪತ್ತು ಹೆಜ್ಜೆ ಆಚೆ, ಹುಲ್ಲಿನ ನಡುವೆ, ಹೊಸದಾಗಿ ನೆಟ್ಟ ಒಂದು ಎಳೆಯ ಬೇವಿನ ಗಿಡ ಇತ್ತು. ಅದರ ಬುಡದಲ್ಲಿ ಮಣ್ಣು ಕೆದಕಿ ಮೆತ್ತಗೆ ಮಾಡಿ ನೀರು ಹಾಕಿದ್ದರು. ಅಲ್ಲಿ ನಿಂತು ಹೆಬ್ಬೆರಳಿನಿಂದ ನೆಲವನ್ನು ಒತ್ತಿ ತೋರಿಸಿದ.

“ಇಲ್ಲಿ.”

“ಸರಿಯಾಗಿ ನೋಡ್ದಾ?”

“ನಾನು ತೋರ್ಸಿದ್ದು ಯಾವತ್ತಾದ್ರೂ ತಪ್ಪೈತಾ ಕದ್ರಿ?”

ಅವಳು ನಂಬಿದಳು. ಆ ಊರಿನಲ್ಲಿ ನೆಲದ ವಿಷಯಕ್ಕೆ ಅವನ ಮಾತನ್ನು ನಂಬದವರು ಯಾರೂ ಇರಲಿಲ್ಲ. ಸಮೀರ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ದೂರ ಸರಿದು ನಿಂತ. ಕದಿರಮ್ಮ ಮಂಡಿಯೂರಿ ಕೂತು ಹಾಲೆರೆದಳು, ಪುರಿ ಚೆಲ್ಲಿದಳು, ಬನ್ನು ಮುರಿದಿಟ್ಟಳು. ಮಣ್ಣನ್ನು ಅಂಗೈಯಿಂದ ಸವರಿದಳು. ಆಮೇಲೆ ಮಾತಿಗೆ ಶುರುಮಾಡಿದಳು. ಮೂರು ವರ್ಷದ ಬಾಕಿ ಮಾತು. ಹಸು ಮಾರಿದ್ದು, ಬೀರಣ್ಣನ ಕುರಿ ಹೋದದ್ದು, ತನ್ನ ಕಾಲು ಬಾತದ್ದು, ಗೋಡೆಯ ಆಚೆಯಿಂದ ತಾನು ಕೂಗಿದ್ದು ಕೇಳಿಸಿತಾ ಇಲ್ಲವಾ ಎಂಬುದು. ಹೇಳುತ್ತಾ ಹೇಳುತ್ತಾ ಅವಳ ಮುಖ ತಿಳಿಯಾಯಿತು. ನಡುವೆ ಒಂದು ಸಲ ನಕ್ಕಳು ಕೂಡ.

ಮುನಿಸ್ವಾಮಿಗೆ ತಡೆಯಲಾಗಲಿಲ್ಲ. ಅವನು ಅಳತೊಡಗಿದ. ಮಗಳು ಸತ್ತ ದಿನವೂ ಊರಿನ ಮುಂದೆ ಅಳದವನು, ಖಾಕಿ ಅಂಗಿಯ ತೋಳಿನಿಂದ ಬಾಯಿ ಮುಚ್ಚಿಕೊಂಡು, ಭುಜ ಕುಲುಕಿಸಿಕೊಂಡು ಅತ್ತ. ಕದಿರಮ್ಮ ಮಾತು ನಿಲ್ಲಿಸಿ ತಿರುಗಿ ನೋಡಿದಳು. ಅವನ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡು, ಹಾಲಿನ ವಾಸನೆಯ ಸೆರಗಿನಿಂದ ಅವನ ಕಣ್ಣೊರೆಸಿದಳು.

“ಅಳಬ್ಯಾಡ ಬಿಡು,” ಎಂದಳು. “ಎಲ್ಲೂ ಹೋಗಿಲ್ಲ. ಇಲ್ಲೇ ಅವ್ಳಲ್ಲ.”